ಕರೆದರೆ ಮಾತ್ರ ಬರುವವರು

ನಮ್ಮ ಕಾಕಾ ಕರೆದರೆ ದೇವರು ಬರುತ್ತಾನೆ. ತಮಾಷೆಯಲ್ಲ, ಕಣ್ಣಾರೆ ನೋಡಿದ್ದೇನೆ! ಪುಣೆಯ ನಿಗಡಿಯಲ್ಲಿ, ಮೂರನೇ ಮಹಡಿಯ ಫ್ಲ್ಯಾಟಿನಲ್ಲಿ, ಬನಿಯನ್ನು ಲುಂಗಿಯಲ್ಲಿ ದಿವಾನದ ಮೇಲೆ ಕೂತ ನಮ್ಮ ಕಾಕಾ ಬೆರಳು ಒತ್ತಿದರೆ ಸಾಕು, ಆಕಾಶ ಕಪ್ಪಾಗುತ್ತದೆ, ಗುಡುಗುತ್ತದೆ, ಬಿಳಿ ಗಡ್ಡದ ಮಹಾಪುರುಷನೊಬ್ಬ ಮೋಡ ಸೀಳಿಕೊಂಡು ಇಳಿದು ಬಂದು "ಏನಪ್ಪಣೆ?" ಎಂಬಂತೆ ನಿಲ್ಲುತ್ತಾನೆ. ಋಷಿಮುನಿಗಳು ವರ್ಷಗಟ್ಟಲೆ ಒಂಟಿಕಾಲಲ್ಲಿ ನಿಂತು ಪಡೆದದ್ದನ್ನು ನಮ್ಮ ಕಾಕಾ ಚಹಾ ಆರುವುದರೊಳಗೆ ಪಡೆಯುತ್ತಾರೆ. ಆದರೆ ದೇವರನ್ನು ಕರೆಯುವುದು ಇಷ್ಟು ಸಲೀಸಾದರೂ ನಮ್ಮ ಕಾಕಾನನ್ನು ಕರೆಯುವುದಿದೆಯಲ್ಲ, ಅದು ಮಾತ್ರ ಬ್ರಹ್ಮನಿಂದಲೂ ಆಗದ ಕೆಲಸ!

ಕಾಕಾ ಎಂದರೆ ನನ್ನ ತಂದೆಯ ತಮ್ಮ. ಕಲಬುರಗಿ ಕಡೆಯಿಂದ ಹರೆಯದಲ್ಲೇ ಪುಣೆಗೆ ಬಂದು, ಖಡಕಿಯ ಒಂದು ಕಚೇರಿಯಲ್ಲಿ ಗುಮಾಸ್ತರಾಗಿ ಸೇರಿ, ಅಲ್ಲಿಯೇ ನಿವೃತ್ತರಾದವರು. ಮರಾಠಿಯಲ್ಲಿ ಜಗಳ ಆಡುತ್ತಾರೆ, ಹಿಂದಿಯಲ್ಲಿ ಚೌಕಾಸಿ ಮಾಡುತ್ತಾರೆ, ಕನ್ನಡದಲ್ಲಿ ಸಿಟ್ಟಾಗುತ್ತಾರೆ. ಎಲ್ಲಕ್ಕೂ ಹೊಂದಿಕೊಂಡ ಈ ಮನುಷ್ಯ ಒಂದು ವಿಷಯದಲ್ಲಿ ಮಾತ್ರ ಕೂದಲೆಳೆಯಷ್ಟೂ ಬಗ್ಗಿದವರಲ್ಲ. ಅದು ಕರೆ. ಕರೆಯದೆ ಅವರು ಎಲ್ಲಿಗೂ ಹೋಗುವುದಿಲ್ಲ. ಕರೆದರೂ ಪದ್ಧತಿ ಪ್ರಕಾರ ಕರೆಯದಿದ್ದರೆ ಹೋಗುವುದಿಲ್ಲ. ನೀವು ಮನೆಗೆ ಬರಬೇಕು, ಕೂಡಬೇಕು, ಚಹಾ ಕುಡಿಯಬೇಕು, ಹಣೆಗೆ ಕುಂಕುಮ ಹಚ್ಚಿ, ಕೈಗೆ ಅಕ್ಷತೆ ಕೊಟ್ಟು, "ಮನಿಮಂದಿಯೆಲ್ಲಾ ಕೂಡಿ ಬರಬೇಕ್ರಿ" ಅನ್ನಬೇಕು. ಇದರಲ್ಲಿ ಒಂದು ತಪ್ಪಿದರೂ ಕಾಕಾ ಅಂದು ಮನೆಯಲ್ಲೇ ಅನ್ನ ಸಾರು ಉಂಡು ಮಲಗುತ್ತಾರೆ.

ಒಮ್ಮೆ ಅವರ ಸೊಸಾಯಿಟಿಯಲ್ಲಿ ಸತ್ಯನಾರಾಯಣ ಪೂಜೆ ಇತ್ತು. ಚೇರಮನ್ನರು ಎಲ್ಲರಿಗೂ ಆಮಂತ್ರಣ ಎಂದು ಮರಾಠಿಯಲ್ಲಿ ಬರೆದು ಲಿಫ್ಟಿನೊಳಗೆ ಅಂಟಿಸಿದರು. ಇಡೀ ಕಟ್ಟಡ ಪ್ರಸಾದಕ್ಕೆ ಇಳಿದು ಹೋಯಿತು, ಕಾಕಾ ಕದಲಲಿಲ್ಲ.

"ಯಾಕ್ರಿ ಕಾಕಾ, ಕರೆದಾರಲ್ಲ?" ಎಂದೆ.

"ಲಿಫ್ಟಿಗೆ ಕರೆದಾರವಾ. ಲಿಫ್ಟು ಹೋಗಿ ಬರ್ತದ!"

ಕಡೆಗೆ ಪಾಪ ಆ ಚೇರಮನ್ನರೇ ಪ್ರಸಾದದ ಶಿರಾದ ತಟ್ಟೆ ಹಿಡಿದು ಮೇಲೆ ಹತ್ತಿ ಬಂದರು. ಅಂದು ಕರೆಂಟು ಹೋಗಿ ಲಿಫ್ಟೂ ನಿಂತಿತ್ತು ಎನ್ನುವುದನ್ನು ಕಾಕಾ ಇವತ್ತಿಗೂ ದೈವಸಂಕಲ್ಪ ಎಂದೇ ನಂಬಿದ್ದಾರೆ.

ನನ್ನ ಮನೆ ಅವರ ಪಕ್ಕದ ಕಟ್ಟಡದಲ್ಲಿ. ಒಂದು ದಿನ ಕರೆಗಂಟೆ ಸದ್ದಾಯಿತು, ಬಾಗಿಲು ತೆಗೆದೆ. "ಅಯ್ಯ ಕಾಕಾ, ನೀವಾ!" ಎಂದವಳೇ ಒಲೆಯ ಮೇಲೆ ಹಾಲು ಉಕ್ಕುತ್ತಿದ್ದುದರಿಂದ ಒಳಗೆ ಓಡಿದೆ. ಹಾಲು ಇಳಿಸಿ, ಕಟ್ಟೆ ಒರೆಸಿ, ಇವರೆಲ್ಲಿ ಎಂದು ನೋಡಿದರೆ ಬಾಗಿಲಾಚೆ ಚಪ್ಪಲಿ ಸ್ಟ್ಯಾಂಡಿನ ಪಕ್ಕ ಕೈಕಟ್ಟಿ ನಿಂತಿದ್ದಾರೆ!

"ಒಳಗ ಬರಬಾರದೇನ್ರಿ?"

"ನೀ ಬರ್ರಿ ಅಂದಿಲ್ಲಲ್ಲ. ನೀವಾ ಅಂದಿ. ಹೌದು, ನಾನ ಅಂತ ನಿಂತೀನಿ."

ಇಂಥವರ ಮೊಣಕಾಲಿಗೆ ಹೋದ ಬೇಸಿಗೆಯಲ್ಲಿ ಶಸ್ತ್ರಚಿಕಿತ್ಸೆ ಆಯಿತು. ಡಾಕ್ಟರು ಕೆಲವು ತಿಂಗಳು ಮನೆಯಲ್ಲೇ ಇರಿ ಎಂದರು. ಮನೆಯಲ್ಲೇ ಇದ್ದ ಕಾಕಾ ಮತ್ತು ಮನೆಯಲ್ಲೇ ಇದ್ದ ಕಾಕು, ಅಂದರೆ ಅವರ ಹೆಂಡತಿ, ಇಬ್ಬರ ನಡುವೆ ಟಿವಿಯ ರಿಮೋಟಿಗಾಗಿ ಕುರುಕ್ಷೇತ್ರವೇ ನಡೆಯಿತು. ಸಂಧಾನಕ್ಕೆ ಹೋದ ನಾನು ನನ್ನ ಹಳೆಯ ಟ್ಯಾಬನ್ನು ಕಾಕಾನ ಕೈಗೆ ಕೊಟ್ಟೆ. ಅದರಲ್ಲಿ ನಾನು ಆಡುತ್ತಿದ್ದ ಒಂದು ಆಟವಿತ್ತು. (ನಲವತ್ತು ದಾಟಿದ ಹೆಂಗಸು ಕಚೇರಿಯ ಊಟದ ಹೊತ್ತಿನಲ್ಲಿ ರಾಕ್ಷಸರನ್ನು ಕೊಲ್ಲುತ್ತಾಳೆ ಎಂದು ನೀವು ಯಾರಿಗೂ ಹೇಳಬೇಡಿ, ದಮ್ಮಯ್ಯ.)

ಆ ಆಟದೊಳಗೆ ನೀವೊಬ್ಬ ಬಡಪಾಯಿ ವೀರ. ಕೈಯಲ್ಲೊಂದು ಕತ್ತಿ, ಎದುರಿಗೆ ರಾಕ್ಷಸರ ಸಾಲು. ನಿಮ್ಮಿಂದ ಆಗದಿದ್ದಾಗ ಕರೆಯಲೆಂದು ಆ ಲೋಕದಲ್ಲಿ ಕೆಲವು ಮಹಾಶಕ್ತಿಗಳಿವೆ. ಬೆಂಕಿಯವನು ಒಬ್ಬ, ಹಿಮದವಳು ಒಬ್ಬಳು, ಗುಡುಗಿನ ಮುದುಕ ಒಬ್ಬ, ಸಮುದ್ರದ ತಳದಲ್ಲಿ ಸುರುಳಿ ಸುತ್ತಿ ಮಲಗಿದ ಮಹಾಸರ್ಪ ಒಂದು. ಸುಮ್ಮನೆ ಕರೆದರೆ ಬರುವವರಲ್ಲ. ಮೊದಲು ಅವರಿದ್ದಲ್ಲಿಗೆ ನೀವೇ ಹೋಗಬೇಕು. ಬೆಟ್ಟ ಹತ್ತಿ, ಗುಹೆ ಹೊಕ್ಕು, ಅವರ ಬಾಗಿಲಲ್ಲಿ ನಿಂತು, ಅವರಿಂದಲೇ ನಾಲ್ಕು ಪೆಟ್ಟು ತಿಂದು ಯೋಗ್ಯತೆ ತೋರಿಸಿದರೆ ಒಂದು ಹರಳು ಕೊಡುತ್ತಾರೆ. ಅದು ಕರೆಯುವ ಹಕ್ಕು. ಆಮೇಲೂ ಬೇಕೆಂದಾಗ ಕರೆಯುವಂತಿಲ್ಲ. ವೀರನ ಜೀವದ ಪಟ್ಟಿ ಹಸಿರಿನಿಂದ ಕೆಂಪಿಗೆ ಇಳಿದಾಗಲಷ್ಟೇ ಮೂಲೆಯಲ್ಲಿ ಕರೆಯುವ ಗುಂಡಿ ಹೊತ್ತಿಕೊಳ್ಳುತ್ತದೆ. ಒತ್ತಿದರೆ ಬರುತ್ತಾರೆ, ಒಂದೇ ಒಂದು ಪೆಟ್ಟು ಕೊಡುತ್ತಾರೆ, ಹೊರಟುಹೋಗುತ್ತಾರೆ.

ಇದನ್ನೆಲ್ಲ ನಾನು ವಿವರಿಸಿದಾಗ ಕಾಕಾ ತೊಡೆ ತಟ್ಟಿದರು. ಆಪರೇಷನ್ ಆದ ಕಾಲಿನ ತೊಡೆಯೇ ಆದ್ದರಿಂದ "ಅಯ್ಯಪ್ಪಾ" ಎಂದು ನರಳಿ, ಆಮೇಲೆ ಹೇಳಿದರು. "ಇದು ನೋಡವಾ ಪದ್ಧತಿ! ಮನಿಗೆ ಹೋಗಿ ಕರೀಬೇಕು! ಇದನ್ನ ಮೊದಲ ನಮ್ಮ ಚೇರಮನ್ನಗ ತೋರಸು!"

ಜಗತ್ತಿನಲ್ಲಿ ತಮ್ಮಂತೆಯೇ ವಿಚಾರ ಮಾಡುವವರು ಕಡೆಗೂ ಸಿಕ್ಕರಲ್ಲ ಎಂಬ ಆನಂದ ಅವರಿಗೆ. ಅಂದಿನಿಂದ ಶುರುವಾಯಿತು ನೋಡಿ! ಸ್ನಾನವಾಗದೆ ಟ್ಯಾಬ್ ಮುಟ್ಟುವಂತಿಲ್ಲ. ರಾಹುಕಾಲದಲ್ಲಿ ಗುಂಡಿ ಹೊತ್ತಿಕೊಂಡರೆ ವೀರ ಸತ್ತರೂ ಸರಿ, ಕರೆಯುವಂತಿಲ್ಲ. ಹಿಮದವಳಿಗೆ "ಥಂಡಿಬಾಯಿ" ಎಂದೂ ಬೆಂಕಿಯವನಿಗೆ "ಬೆಂಕಿ ಸಾಹೇಬ್ರು" ಎಂದೂ ನಾಮಕರಣವಾಯಿತು. ಗುಡುಗಿನ ಮುದುಕ ಇಳಿದು ಬಂದಾಗಲೆಲ್ಲ ಕಾಕಾ ಕೂತಲ್ಲೇ ಅರ್ಧ ಎದ್ದು "ಬರ್ರಿ, ಬರ್ರಿ" ಎನ್ನುತ್ತಿದ್ದರು.

"ಊಟಕ್ಕ ಏಳ್ರಿ" ಎಂದು ಕಾಕು ಅಡುಗೆಮನೆಯಿಂದ ಕೂಗಿದರೆ "ತಡೀ, ದೊಡ್ಡವರು ಬಂದಾರ" ಎಂಬ ಉತ್ತರ.

"ಎಷ್ಟು ಮಂದಿ ಬಂದಾರ? ಅನ್ನಕ್ಕ ಇನ್ನೊಂದು ವಾಟಗಾ ಅಕ್ಕಿ ಹಾಕ್ಲೇನು?"

ಕಾಕಾಗೆ ಒಂದೇ ಒಂದು ಕೊರಗಿತ್ತು. ಬಂದ ದೊಡ್ಡವರು ಹಾಗೆಯೇ ಹೋಗುತ್ತಾರಲ್ಲ! ಅಷ್ಟು ದೂರದಿಂದ ಬಂದು, ರಾಕ್ಷಸನನ್ನು ಬಡಿದು, ಒಂದು ಗುಟುಕು ನೀರೂ ಕುಡಿಯದೆ ಹೋದರೆ ಕರೆದವರ ಮಾನ ಏನಾಗಬೇಕು? ಅದಕ್ಕೆ ಟ್ಯಾಬಿನ ಪಕ್ಕ ಒಂದು ಬಟ್ಟಲಲ್ಲಿ ಸಕ್ಕರೆ ಇಡತೊಡಗಿದರು. ಮಹಾಶಕ್ತಿಗಳು ತಿಂದವೋ ಬಿಟ್ಟವೋ, ಇರುವೆಗಳಂತೂ ಸಂಸಾರಸಮೇತ ಬಂದವು. ಬಂದವು ಸುಮ್ಮನಿರದೆ ಚಾರ್ಜರಿನ ತೂತಿನಿಂದ ಒಳಗೆ ಹೋಗಿ ಅಲ್ಲಿಯೇ ಮನೆ ಮಾಡಿದವು. ರಿಪೇರಿ ಅಂಗಡಿಯವನು ಟ್ಯಾಬ್ ಬಿಚ್ಚಿ ದಂಗಾಗಿ, ಇಷ್ಟೊಂದು ಇರುವೆ ಒಳಗೆ ಹೇಗೆ ಹೋದವು ಎಂದು ಮರಾಠಿಯಲ್ಲಿ ಕೇಳಿದ. ಕಾಕಾ ಗಂಭೀರವಾಗಿ ಎರಡೇ ಶಬ್ದದಲ್ಲಿ ಉತ್ತರಿಸಿದರು. "ನೈವೇದ್ಯ ಹೋತಾ!" ನೈವೇದ್ಯವಿತ್ತು ಎಂದು ಕೇಳಿದ ಆ ಹುಡುಗ ಕೈಮುಗಿದು ಟ್ಯಾಬ್ ಒರೆಸಿಕೊಟ್ಟ.

ಇಷ್ಟೆಲ್ಲ ನಗುವಿನ ಮನೆಯಲ್ಲಿ ಒಂದು ಮಾತು ಮಾತ್ರ ಯಾರೂ ಎತ್ತುತ್ತಿರಲಿಲ್ಲ. ಕಾಕಾಗೆ ಒಬ್ಬಳೇ ಮಗಳು. ಕೆಲವು ವರ್ಷಗಳ ಹಿಂದೆ ತನ್ನ ಜೊತೆ ಓದಿದ, ಪುಣೆ ಜಿಲ್ಲೆಯದೇ ಶಿರೂರಿನ ಮರಾಠಿ ಹುಡುಗನನ್ನು ಮೆಚ್ಚಿ ರಿಜಿಸ್ಟರ್ ಮದುವೆಯಾದಳು. ಹುಡುಗ ಒಳ್ಳೆಯವನು, ಶಿರೂರಿನಲ್ಲಿ ಉಳ್ಳಾಗಡ್ಡಿ, ಅಂದರೆ ಈರುಳ್ಳಿ ವ್ಯಾಪಾರ. ಜಾತಿಗೀತಿ ಎಂದು ಕಾಕಾ ತಕರಾರು ತೆಗೆದವರೂ ಅಲ್ಲ. ಹಾಗಾದರೆ ಸಿಟ್ಟು ಯಾವುದಕ್ಕೆ? ಅಪ್ಪ ಏನೆನ್ನುತ್ತಾರೋ ಎಂದು ಹೆದರಿದ ಹುಡುಗಿ ಹಿಂದಿನ ದಿನ ಫೋನ್ ಮಾಡಿ "ಅಪ್ಪಾ, ನಾಳೆ ರಿಜಿಸ್ಟರ್ ಅದ, ಬರ್ರಿ" ಎಂದುಬಿಟ್ಟಿದ್ದಳು!

"ಮಗಳ ಲಗ್ನಕ್ಕ ಅಪ್ಪ ಊರನ್ನೆಲ್ಲಾ ಕರೀತಾನ," ಎಂದಿದ್ದರು ಕಾಕಾ. "ಇಲ್ಲಿ ಅಪ್ಪಗ ಕರೆ ಬಂದದ. ಅದೂ ಫೋನಿನಾಗ!"

ಹೋಗಲಿಲ್ಲ. ಆಮೇಲೆ ಅವಳು ಬಂದು ಕರೆಯಲಿ ಎಂದು ಇವರು ಕೂತರು. ಅವಳಾದರೂ ಹೇಗೆ ಬಂದಾಳು? ನಮ್ಮ ಕಡೆ ನಾಗರಪಂಚಮಿ ಹೆಣ್ಣುಮಕ್ಕಳ ಹಬ್ಬ. ತವರಿನಿಂದ ಅಪ್ಪನೋ ಅಣ್ಣನೋ ಹೋಗಿ ಕರೆಯಬೇಕು, ಆಗಲೇ ಮಗಳು ತವರಿನ ಹೊಸ್ತಿಲು ತುಳಿಯುವುದು. ಕರೆಯದೆ ಬಂದರೆ ಜನ ಏನೆಂದಾರು, ಅದಕ್ಕಿಂತ ಹೆಚ್ಚಾಗಿ, ಅಪ್ಪನೇ ಏನೆಂದಾನು? ಮಗಳು ಯಾರ ಮಗಳು ಹೇಳಿ! ಅಪ್ಪನಿಗಿಂತ ಒಂದು ಕೈ ಹೆಚ್ಚೇ.

ಕಾಕು ಮಾತ್ರ ವರ್ಷಕ್ಕೆ ಎರಡು ಸಲ "ಶಿರೂರಿನ ಉಳ್ಳಾಗಡ್ಡಿ ಛಲೋ ಇರ್ತಾವ" ಎಂದು ಹೇಳಿ ಹೋಗಿಬರುತ್ತಿದ್ದರು. ಉಳ್ಳಾಗಡ್ಡಿ ತರಲು ನಿಗಡಿಯಿಂದ ಶಿರೂರಿಗೆ! ಕಾಕಾ ಮಗಳ ಹೆಸರು ಎತ್ತುವವರಲ್ಲ. ಚೀಲದ ಮುಂದೆ ಕೂತು ಒಂದೊಂದೇ ಗಡ್ಡೆ ಕೈಯಲ್ಲಿ ಹಿಡಿದು ಕೇಳುತ್ತಿದ್ದರು.

"ಉಳ್ಳಾಗಡ್ಡಿ ಹೆಂಗ ಇದ್ದುವು?"

"ಆರಾಮ ಇದ್ದುವ್ರಿ."

"ಸೊರಗ್ಯಾವೇನು?"

"ಒಂದೀಟು."

"ಊಟ ಬರೋಬರಿ ಮಾಡ್ತಾವಿಲ್ಲ?"

ನಾನು ಸೆರಗು ಬಾಯಿಗೆ ಒತ್ತಿಕೊಂಡು ಹೊರಗೆ ಓಡುತ್ತಿದ್ದೆ. ನಗು ಬರುತ್ತಿತ್ತು, ಕಣ್ಣಲ್ಲಿ ನೀರೂ ಬರುತ್ತಿತ್ತು.

ಈ ಶ್ರಾವಣದ ಒಂದು ಮಧ್ಯಾಹ್ನ ನಾನು ಹೋದಾಗ ಕಾಕಾನ ವೀರ ಸಾಯುತ್ತಿದ್ದ. ಕತ್ತಲೆಯ ರಾಜನೆಂಬ ದೊಡ್ಡ ರಾಕ್ಷಸ ಎದುರಿಗಿದ್ದ. ಅವನನ್ನು ಹೊಡೆಯುವ ಶಕ್ತಿ ಇದ್ದದ್ದು ಸಮುದ್ರದ ಸರ್ಪಕ್ಕೆ ಮಾತ್ರ. ಕರೆಯುವ ಗುಂಡಿ ಹೊತ್ತಿಕೊಂಡು ಮಿನುಗುತ್ತಿತ್ತು. ಕಾಕಾ ಮುಟ್ಟಲೊಲ್ಲರು.

"ಒತ್ರಿ ಕಾಕಾ! ಸಾಯ್ತಾನ!"

"ಶ್ರಾವಣದಾಗ ನಾಗಪ್ಪಗ ಹಾಲು ಎರೀತಾರವಾ. ಜಗಳಕ್ಕ ಕರೀತಾರೇನು?"

ವೀರ ಸತ್ತ. ಎದ್ದ. ಮತ್ತೆ ಸತ್ತ. ಹೀಗೆಯೇ ಎಷ್ಟೋ ಸಲ ಸತ್ತ ಮೇಲೆ ಕಾಕಾ ಕನ್ನಡಕ ತೆಗೆದು ಲುಂಗಿಯ ತುದಿಯಿಂದ ಒರೆಸಿದರು.

"ಈ ಗುಂಡಿ ಮೊದಲ ಯಾಕ ಹತ್ತೂದಿಲ್ಲ? ಗಟ್ಟಿ ಇದ್ದಾಗ?"

"ಗಟ್ಟಿ ಇದ್ದಾಂವಗ ಯಾರು ಬೇಕಾಗಿರ್ತಾರ್ರಿ? ಸೋತಾಂವ ತಾನ ಕರೀಬೇಕು."

"ನಾ ಸೋಲೂದು ಆ ನಾಗಪ್ಪಗ ಕಾಣಸೂದಿಲ್ಲೇನು? ತಾನ ಬರಬಾರದೇನು?"

"ಕಾಣಸ್ತದ್ರಿ. ಆದ್ರ ಕರೀದ ಬರೂದು ಅದರ ಕೈಯಾಗಿಲ್ಲ. ಆಟ ಮಾಡ್ಯಾರ ಹಂಗ. ಕರಿಯೂದು ನಿಮ್ಮ ಕೈಯಾಗಷ್ಟ ಅದ."

ನಾನು ಆಟದ ನಿಯಮ ಹೇಳಿದೆ ಅಷ್ಟೇ, ದೇವರಾಣೆ! ಕಾಕಾ ಟ್ಯಾಬನ್ನು ಮಗುಚಿ ದಿವಾನದ ಮೇಲಿಟ್ಟರು. ಒಳಗೆ ಕಾಕು ಪಂಚಮಿಗೆಂದು ಜೋಳದ ಅಳ್ಳು, ಅಂದರೆ ಅರಳು, ಹುರಿಯುತ್ತಿದ್ದರು, ಬಾಣಲೆಯಲ್ಲಿ ಪಟಪಟ ಸದ್ದಾಗುತ್ತಿತ್ತು.

"ಹಂಗಾರ ಅದೂ ಅಲ್ಲಿ ತಳದಾಗ ಕೂತು ಹಾದಿ ನೋಡ್ತಿರಬೇಕು," ಎಂದರು. ಆಮೇಲೆ ಅಡುಗೆಮನೆಯತ್ತ ಮುಖ ಮಾಡಿ ಕೂಗಿದರು. "ಏನ, ಉಳ್ಳಾಗಡ್ಡಿ ಮುಗದಾವೇನು?"

"ಇನ್ನೂ ಅರ್ಧ ಚೀಲ ಅದಾವ್ರಿ."

"ಇರಲಿ. ಈ ಸಲ ನಾನ ಹೋಗಿ ತರ್ತೀನಿ."

ಒಳಗೆ ಕೈಯಾಡಿಸುವ ಸದ್ದು ನಿಂತಿತು. ಕಾಕು ಸೌಟು ಹಿಡಿದುಕೊಂಡೇ ಬಾಗಿಲಿಗೆ ಬಂದು ನಿಂತರು. ಅಳ್ಳು ಅಷ್ಟೂ ಸೀದುಹೋಯಿತು, ಯಾರೂ ಬೈಯಲಿಲ್ಲ.

ಮರುದಿನ ಬೆಳಿಗ್ಗೆ ಕಾಕಾ ಇಸ್ತ್ರಿ ಮಾಡಿದ ಧೋತರ ಉಟ್ಟು ನನ್ನ ಮನೆಗೆ ಬಂದು, ಕೂತು, ಚಹಾ ಕುಡಿದು, ನನ್ನ ಹಣೆಗೆ ಕುಂಕುಮ ಹಚ್ಚಿ, "ಶಿರೂರಿಗೆ ಹೋಗೂದದ, ನೀ ಬರಬೇಕು" ಎಂದರು. ಇಂಥ ಕರೆಗೆ ಕಚೇರಿಗೆ ರಜೆ ಹಾಕದೆ ಇರಲಾದೀತೆ? ಎಸ್‌ಟಿ ಬಸ್ಸಿನಲ್ಲಿ ದಾರಿಯುದ್ದಕ್ಕೂ ಕಾಕಾ ತಾವು ಹೇಳಬೇಕಾದ ಮಾತುಗಳನ್ನು ಪಾಠ ಮಾಡಿದರು. "ಪಂಚಮಿ ಹಬ್ಬ ಬಂದದ, ಅಳಿಯಂದಿರು, ಬೀಗರು, ಮನಿಮಂದಿಯೆಲ್ಲಾ ಕೂಡಿ..." ಕಂಡಕ್ಟರು ತಿಕೀಟು ಕೇಳಿದರೆ ಅವನನ್ನೂ ಹಬ್ಬಕ್ಕೆ ಕರೆದುಬಿಡುವ ಹಾಗಿತ್ತು.

ಅಳಿಯ ಮಾರ್ಕೆಟ್ಟಿಗೆ ಹೋಗಿದ್ದ. ಮೆಟ್ಟಿಲು ಹತ್ತಿ ಬಾಗಿಲು ತಟ್ಟಿದೆವು. ಹಿಟ್ಟಿನ ಕೈಯಲ್ಲಿ ಅವಳೇ ಬಂದು ತೆಗೆದಳು, ತೆಗೆದವಳು ಹಾಗೆಯೇ ನಿಂತಳು. ಕಾಕಾ ಕುಂಕುಮದ ಭರಣಿ ತೆಗೆದರು. ಮುಚ್ಚಳ ತೆಗೆಯುವ ಅವಸರದಲ್ಲಿ ಅರ್ಧ ಕುಂಕುಮ ಧೋತರದ ಮೇಲೆಯೇ ಚೆಲ್ಲಿತು. ಅಷ್ಟು ಪಾಠ ಮಾಡಿದ ಮಾತುಗಳಲ್ಲಿ ಒಂದಾದರೂ ಬರಬೇಕಲ್ಲ? ಕಡೆಗೆ ಬಂದದ್ದು ಇಷ್ಟೇ.

"ಬಾರವ್ವಾ."

ಅವಳು ಸರಕ್ಕನೆ ತಿರುಗಿ ಒಳಗೆ ಹೋದಳು. ಸಿಟ್ಟು ಇಳಿದಿಲ್ಲ, ಮುಗಿಯಿತು ಕತೆ ಅಂದುಕೊಂಡೆ. ಅಷ್ಟರಲ್ಲಿ ಚಪ್ಪಲಿ ಮೆಟ್ಟಿಕೊಂಡು, ದೊಡ್ಡದೊಂದು ಬ್ಯಾಗು ಹಿಡಿದು ಹೊರಗೆ ಬಂದೇಬಿಟ್ಟಳು. ಕೈಗೆ ಮೆತ್ತಿದ ಹಿಟ್ಟು ಹಾಗೆಯೇ ಇತ್ತು.

"ಏ ಹುಡುಗಿ, ಇಷ್ಟು ಲಗೂ ಬ್ಯಾಗ್ ಹೆಂಗ ತುಂಬಿದಿ?" ಎಂದೆ.

"ಈಗ ತುಂಬಿದ್ದಲ್ಲಕ್ಕಾ. ಪ್ರತಿ ವರ್ಷ ಶ್ರಾವಣ ಬಂತಂದ್ರ ತುಂಬಿ ಇಡ್ತೀನಿ."

ಕಾಕಾ ಆ ಬ್ಯಾಗನ್ನು ಅವಳ ಕೈಯಿಂದ ತೆಗೆದುಕೊಂಡರು. ಬಸ್ಸಿನಲ್ಲಿ ಮೇಲಿಡಲು ಜಾಗವಿತ್ತು, ಕೆಳಗೂ ಜಾಗವಿತ್ತು. ನಿಗಡಿ ಬರುವವರೆಗೂ ಅವರು ಅದನ್ನು ತೊಡೆಯ ಮೇಲಿಂದ ಇಳಿಸಲಿಲ್ಲ.