ದೋಣಿ ಅಜ್ಜಿಯ ಕ್ಯಾಸೆಟ್

ಬಾಡಿಗೆ ಕ್ಯಾಸೆಟ್ ಅಂಗಡಿ ಇಟ್ಟವನು ನಗುವ ಸಂಗತಿಗಳನ್ನು ಹುಡುಕಿಕೊಂಡು ಹೋಗಬೇಕಾಗಿಲ್ಲ, ಅವೇ ಮೆಟ್ಟಿಲು ಹತ್ತಿ ಬರುತ್ತವೆ. ತೊಂಬತ್ತರ ದಶಕದ ಕೊನೆಗೆ ಮೂಡಿಗೆರೆ ಬಸ್ ಸ್ಟ್ಯಾಂಡಿನ ಹಿಂದೆ ನನ್ನದೊಂದು ಅಂಥ ಅಂಗಡಿ ಇತ್ತು. ಅಲ್ಲಿ ನಾನು ನಕ್ಕಿದ್ದರಲ್ಲಿ ಹೆಚ್ಚಿನದೆಲ್ಲ ಜನ ಅಳುವುದನ್ನು ನೋಡಿ. ಹಾಗಂತ ನನ್ನನ್ನು ಕಲ್ಲುಮನಸ್ಸಿನವನು ಅಂದುಕೊಳ್ಳಬೇಡಿ, ಅತ್ತವರಲ್ಲಿ ಮೊದಲನೆಯವನು ನಾನೇ. ಎಲ್ಲಕ್ಕೂ ಕಾರಣ ಒಂದು ಕಾರ್ಟೂನ್ ಕ್ಯಾಸೆಟ್.

ಮಕ್ಕಳ ಕಪಾಟು

ಚಿಕ್ಕಮಗಳೂರಿನಲ್ಲಿ ಬಾಗಿಲು ಹಾಕಿದ ಅಂಗಡಿಯೊಂದರಿಂದ ಒಂದು ಗೋಣಿಚೀಲ ಹಳೆ ಕ್ಯಾಸೆಟ್ ತಂದಿದ್ದೆ. ಅದರೊಳಗೆ ಇದೂ ಇತ್ತು. ಮೇಲಿದ್ದ ಅಕ್ಷರ ಯಾವ ದೇಶದ್ದೋ, ಊರಲ್ಲಿ ಯಾರಿಗೂ ಓದಲು ಬರಲಿಲ್ಲ. ಚಿತ್ರದಲ್ಲಿ ಒಂದು ದೋಣಿ, ಹುಟ್ಟು ಹಾಕುವ ಅಜ್ಜ, ಎದುರಿಗೆ ಕೊಡೆ ಹಿಡಿದು ಕೂತ ಅಜ್ಜಿ. ಟೇಪು ಸರಿಯಿದೆಯಾ ಅಂತ ಹಾಕಿ ನೋಡಿದವನು ಒಬ್ಬನೇ ಕೂತು ಅತ್ತೆ. ಆದರೂ ಕಾರ್ಟೂನ್ ಅಂದಮೇಲೆ ಮಕ್ಕಳದ್ದೇ ಅಂತ ಮಕ್ಕಳ ಕಪಾಟಿನಲ್ಲಿಟ್ಟೆ.

ಕಥೆ ಇಷ್ಟೇ. ಅಜ್ಜ ಜನರನ್ನು ಹೊಳೆ ದಾಟಿಸುತ್ತಾನೆ. ಅಜ್ಜಿ ದಿನಾ ದಡಕ್ಕೆ ಊಟದ ಡಬ್ಬಿ ತರುತ್ತಾಳೆ. ಹೊಳೆಗೆ ಸೇತುವೆ ಬರುತ್ತದೆ, ದೋಣಿಗೆ ಜನ ಇಲ್ಲವಾಗುತ್ತಾರೆ. ಗಂಡನಿಗೆ ಬೇಜಾರಾಗಬಾರದು ಅಂತ ಅಜ್ಜಿ ತಾನೇ ಕೊಡೆ ಹಿಡಿದು ದಿನಾ ಪ್ರಯಾಣಿಕಳಾಗಿ ಬಂದು ಕೂರುತ್ತಾಳೆ. ಒಂದು ದಿನ ಅವಳಿಗೆ ಹುಷಾರು ತಪ್ಪುತ್ತದೆ. ಆಚೆ ದಡದ ಆಸ್ಪತ್ರೆಗೆ ದೋಣಿಯಲ್ಲಿ ಕರೆದೊಯ್ದ ಅಜ್ಜ ಒಬ್ಬನೇ ವಾಪಸ್ ಬರುತ್ತಾನೆ. ಮಾತು ಕಡಿಮೆ, ಅದೂ ಅರ್ಥವಾಗುವುದಿಲ್ಲ, ಅರ್ಥವಾಗಬೇಕಾಗಿಯೂ ಇಲ್ಲ.

ಮೊದಲು ಒಯ್ದವರು ಸ್ಕೂಲ್ ಮೇಡಂ ಒಬ್ಬರು. ಮರುದಿನ ಊದಿದ ಕಣ್ಣು ಹೊತ್ತು ಬಂದರು. "ಇದನ್ನ ಮಕ್ಕಳ ಕಪಾಟಲ್ಲಿ ಇಟ್ಟಿದ್ದೀರಲ್ಲ, ಎಂಥ ಮನುಷ್ಯರು ನೀವು?"

"ಮಕ್ಕಳು ಹೆದರಿದ್ರಾ ಮೇಡಂ?"

"ಮಕ್ಕಳು ನಿದ್ದೆ ಮಾಡಿದ್ರು. ನಮ್ಮ ಯಜಮಾನ್ರು ಮಧ್ಯದಲ್ಲೇ ಎದ್ದು ಹೋಗಿ ಈರುಳ್ಳಿ ಹೆಚ್ಚಿದ್ರು. ಮದುವೆಯಾದಮೇಲೆ ಅವರು ಈರುಳ್ಳಿ ಮುಟ್ಟಿದ್ದು ಇದೇ ಮೊದಲು."

"ಹಾಗಾದ್ರೆ ವಾಪಸ್ ಇಡ್ಲಾ?"

"ಇರ್ಲಿ, ಇನ್ನೊಂದು ದಿನ ಇಟ್ಕೊಳ್ತೀವಿ. ಬೆಳ್ಳುಳ್ಳಿನೂ ಸುಲಿಯೋದಿದೆ."

ಗೌಡರ ಕಣ್ಣು

ಆ ಕಾಲಕ್ಕೆ ನನ್ನ ಅಂಗಡಿಯಲ್ಲಿ ಅಳುವ ಸಿನಿಮಾಗಳನ್ನು ಹುಡುಕಿ ಹುಡುಕಿ ಒಯ್ಯುತ್ತಿದ್ದವರೆಂದರೆ ಜಾವಳಿ ಕಡೆಯ ಕಾಫಿ ಪ್ಲಾಂಟರ್ ಗೌಡರೊಬ್ಬರ ಅಕ್ಕ. ಅವರಿಗೆ ಅಳುವ ಚಟ ಅಂದುಕೊಂಡಿದ್ದೆ. ಒಂದು ದಿನ ಅವರೇ ಹೇಳಿದರು.

ಗೌಡರ ಹೆಂಡತಿ ಹಿಂದಿನ ವರ್ಷ ತೀರಿಕೊಂಡಿದ್ದರು. ಚಿಕ್ಕಮಗಳೂರಿನ ಆಸ್ಪತ್ರೆಗೆ ಜೀಪಿನಲ್ಲಿ ಗೌಡರೇ ಕರೆದೊಯ್ದರು, ಮುಂದಿನ ಸೀಟಲ್ಲಿ ಪಕ್ಕಕ್ಕೇ ಕೂರಿಸಿಕೊಂಡು. ಆಕೆ ಆ ಸೀಟಿಗೆ ಮತ್ತೆ ಬರಲಿಲ್ಲ. ಅಂದಿನಿಂದ ಗೌಡರು ಅತ್ತಿಲ್ಲ, ಹೆಂಡತಿಯ ಹೆಸರೆತ್ತಿಲ್ಲ, ಅನ್ನಕ್ಕೆ ಕೂತರೆ ಎರಡು ತುತ್ತು. ಮುಂದಿನ ಸೀಟಲ್ಲಿ ಯಾರನ್ನೂ ಕೂರಿಸುವುದಿಲ್ಲ. ಕೇಳಿದರೆ ಆ ಕಡೆ ಬಾಗಿಲಿನ ಚಿಲಕ ಕೆಟ್ಟಿದೆ ಅನ್ನುತ್ತಾರೆ. ಸಾಕ್ಷಾತ್ ಅಕ್ಕನೇ ಹಿಂದೆ ಗೊಬ್ಬರದ ಚೀಲದ ಜೊತೆ ಕೂತು ಪೇಟೆಗೆ ಬರಬೇಕು.

"ಒಳಗೊಳಗೇ ಒಣಗ್ತಿದ್ದಾನೆ ಮಾರಾಯ. ಒಂದು ಸಲ ಅತ್ತುಬಿಟ್ರೆ ಬದುಕ್ತಾನೆ. ಇಲ್ದಿದ್ರೆ ಅವಳ ಹಿಂದೇನೇ ಹೋಗ್ತಾನೆ," ಅಂದರು. ನನಗೂ ಸಂಕಟವಾಯಿತು.

ಇದ್ದುದರಲ್ಲೇ ಭಾರಿ ಅಳುವಿನದೊಂದನ್ನು ಕೊಟ್ಟೆ. ಅದರಲ್ಲಿ ನಾಯಕಿ ಕಾಫಿ ತೋಟದಲ್ಲೇ ಪ್ರಾಣ ಬಿಡುತ್ತಾಳೆ, ಹದಿನೈದು ನಿಮಿಷ ಹಾಡು ಹೇಳಿಕೊಂಡು. ವಾರದ ನಂತರ ಅಕ್ಕ ವಾಪಸ್ ತಂದರು.

"ಅತ್ರಾ ಗೌಡ್ರು?"

"ಎಂಥ ಅಳೋದು! ಅವಳು ಸಾಯ್ತಾ ಬಿದ್ದಿದ್ದಾಳೆ, ಇವನು ಹೇಳ್ತಾನೆ, ಈ ತೋಟದವರು ಮರಗಸಿ ಮಾಡ್ಸೇ ಇಲ್ಲ, ಮರದ ಕೊಂಬೆ ಕಡಿಸ್ದೆ ಇಷ್ಟು ನೆರಳಲ್ಲಿ ಕಾಫಿ ಎಲ್ಲಿಂದ ಬರ್ಬೇಕು ಅಂತ."

ಕರೆಂಟ್ ಹೋದಾಗ

ದೋಣಿ ಅಜ್ಜಿಯ ಸುದ್ದಿ ಬಾಯಿಂದ ಬಾಯಿಗೆ ಹಬ್ಬಿತು. ಮಕ್ಕಳಿಲ್ಲದ ಮನೆಯವರೂ "ನಮ್ಮ ಮಕ್ಕಳಿಗೆ" ಅಂತ ಬಂದು ಒಯ್ಯತೊಡಗಿದರು.

ಗೋಣಿಬೀಡಿನ ಒಂದು ಮನೆಯವರು ಒಯ್ದ ದಿನವೇ ಲೈನಿನ ಮೇಲೆ ಮರ ಬಿತ್ತು. ಅಜ್ಜಿ ದೋಣಿಯಲ್ಲಿ ಮಲಗಿದ್ದಾಳೆ, ಅಜ್ಜ ಉಸಿರು ಕಟ್ಟಿ ಹುಟ್ಟು ಹಾಕುತ್ತಿದ್ದಾನೆ, ಅಷ್ಟರಲ್ಲಿ ಟಿವಿ ಕಪ್ಪಾಯಿತು. ಕ್ಯಾಸೆಟ್ ಮೆಷಿನ್ನಿನ ಹೊಟ್ಟೆಯಲ್ಲೇ ಉಳಿಯಿತು. ಫೋನೂ ಸತ್ತಿತ್ತು. ಎರಡು ದಿನ ತಡೆದರು, ಮೂರನೇ ದಿನ ಇಡೀ ಮನೆ ಜೀಪು ಹತ್ತಿ ಅಂಗಡಿಗೆ ಬಂತು.

"ಕರೆಂಟ್ ಯಾವಾಗ ಬರುತ್ತೋ ದೇವರಿಗೇ ಗೊತ್ತು. ನೀವಾದ್ರೂ ಹೇಳಿ, ಅಜ್ಜಿ ಬದುಕ್ತಾಳಾ?" ಅಂದರು ಮನೆಯ ಹಿರಿಯರು. ಅವರ ಹೆಂಡತಿ ಕೈ ಮುಗಿದುಕೊಂಡೇ ನಿಂತಿದ್ದರು. ಇಲ್ಲ ಅನ್ನಲು ನನಗೆ ನಾಲಿಗೆ ಏಳಲಿಲ್ಲ.

"ಬದುಕ್ತಾಳೆ, ಏನೂ ಆಗಲ್ಲ, ಹೋಗಿ ಆರಾಮಾಗಿ ಊಟ ಮಾಡಿ," ಅಂದೆ. ಎಲ್ಲರಿಗೂ ಜೀವ ಬಂದಂತಾಯಿತು, ಹೋಟೆಲ್ಲಿಗೆ ಹೋಗಿ ಮಸಾಲೆ ದೋಸೆ ತಿಂದು ಹೋದರು.

ಕರೆಂಟ್ ಬಂದ ಮರುದಿನ ಅದೇ ಜೀಪು ಅಂಗಡಿ ಮುಂದೆ ನಿಂತಿತು. ಹಿರಿಯರು ಕ್ಯಾಸೆಟ್ಟನ್ನು ಮೇಜಿನ ಮೇಲಿಟ್ಟರು, ನನ್ನನ್ನು ಉರಿಗಣ್ಣಿನಿಂದ ನೋಡಿದರು.

"ನಿಮ್ಮ ಮಾತು ನಂಬಿ ನಾವು ದೋಸೆ ತಿಂದ್ವಿ," ಅಂದರು.

ಕ್ಲಬ್ಬಿನಲ್ಲಿ ಹುಟ್ಟುಹಬ್ಬ

ಪ್ಲಾಂಟರುಗಳ ಕ್ಲಬ್ಬಿನಲ್ಲಿ ಒಂದು ಮಗುವಿನ ಹುಟ್ಟುಹಬ್ಬ. ಮಕ್ಕಳಿಗೆ ಕಾರ್ಟೂನ್ ಹಾಕಬೇಕು ಅಂತ ಟಿವಿ, ವಿಸಿಆರ್ ಜೊತೆ ನನ್ನನ್ನು ಕರೆಸಿದ್ದರು. ಮೂರು ಕ್ಯಾಸೆಟ್ ಒಯ್ದಿದ್ದೆ. ಮಗುವಿನ ತಂದೆ ಕೊಡೆಯ ಚಿತ್ರ ನೋಡಿ "ಇದು ಮುದ್ದಾಗಿದೆ, ಇದೇ ಹಾಕಿ" ಅಂದರು. ಬೇಡ ಸಾರ್ ಅಂದೆ, ಕೇಳಲಿಲ್ಲ.

ಸ್ವಲ್ಪ ಹೊತ್ತಿಗೆ ಮಕ್ಕಳು ಬೇಜಾರಾಗಿ ಹೊರಗೆ ಓಡಿದವು. ಲೋಟ ಹಿಡಿದು ಹಿಂದೆ ನಿಂತಿದ್ದ ದೊಡ್ಡವರು ಒಬ್ಬೊಬ್ಬರಾಗಿ ಮಕ್ಕಳ ಪುಟ್ಟ ಕುರ್ಚಿಗಳಲ್ಲಿ ಕೂತರು. ಹುಲಿ ಹೊಡೆದ ಕಥೆ ಹೇಳುವ ಮೀಸೆಯ ಯಜಮಾನರು ಬಣ್ಣದ ಕಾಗದದ ಟೋಪಿಯಿಂದ ಮೂಗು ಒರೆಸಿಕೊಂಡರು. ಕೇಕಿನ ಮೇಲಿನ ಮೇಣದಬತ್ತಿ ತಾನೇ ಉರಿದು ಮುಗಿಯಿತು. ಆಗ ತಡವಾಗಿ ಬಂದ ಕ್ಲಬ್ ಸೆಕ್ರೆಟರಿ ಬಾಗಿಲಲ್ಲೇ ನಿಂತು, ಸಾಲಾಗಿ ಅಳುತ್ತಿದ್ದ ಪ್ಲಾಂಟರುಗಳನ್ನು ನೋಡಿ ಗಾಬರಿಯಾದರು.

"ಏನ್ರಪ್ಪಾ, ಕಾಫಿ ರೇಟ್ ಮತ್ತೆ ಬಿತ್ತಾ?"

ಅದೇ ಹಾಲಿನ ಮೂಲೆಯಲ್ಲಿ ಗೌಡರ ಅಕ್ಕನೂ ಸೆರಗಿನಲ್ಲಿ ಮುಖ ಮುಚ್ಚಿ ಕೂತಿದ್ದರು. ಗೌಡರು ಬಂದಿರಲಿಲ್ಲ, ಅವರು ಜನ ಸೇರುವ ಕಡೆ ಹೋಗುವುದನ್ನೇ ಬಿಟ್ಟಿದ್ದರು.

ಬರೆದ ಅಜ್ಜಿ

ಮರುದಿನವೇ ಅಕ್ಕ ಅಂಗಡಿಗೆ ಬಂದು ಕೈ ನೀಡಿದರು. "ಕೊಡು ಆ ಕ್ಯಾಸೆಟ್."

ಕೊಡಲು ನನಗೆ ಹೆದರಿಕೆ. ಹೆಂಡತಿಯನ್ನು ಆಸ್ಪತ್ರೆಗೆ ಒಯ್ದು ಒಬ್ಬನೇ ಬಂದ ಮನುಷ್ಯನಿಗೆ ಇದನ್ನು ತೋರಿಸುವುದಾ? "ಅಕ್ಕಾ, ಇದ್ರಿಂದ ಏನಾದ್ರೂ ಹೆಚ್ಚುಕಡಿಮೆಯಾದ್ರೆ?" ಅಂದೆ. "ಅಲ್ದೆ ಇದು ಬರೀ ಬರೆದ ಚಿತ್ರ. ಜೀವ ಇರೋರು ಅತ್ತು ತೋರಿಸಿದ್ರೇ ಅವರು ಅಳ್ಲಿಲ್ಲ."

ಪಕ್ಕದ ಬಟ್ಟೆ ಅಂಗಡಿಯ ಯಜಮಾನರು ದಿನಾ ಆ ಹೊತ್ತಿಗೆ ಪೇಪರ್ ಓದಲು ನನ್ನಲ್ಲಿಗೆ ಬರುವವರು, ಹಣೆ ತುಂಬ ವಿಭೂತಿ. ಅವರು ಪೇಪರ್ ಮಡಿಸಿಟ್ಟರು.

"ಅಲ್ಲೇ ಇರೋದು ನೋಡಿ ವಿಷ್ಯ. ಸಿನಿಮಾದಲ್ಲಿ ಸತ್ತ ಹೀರೋಯಿನ್ನು ಮುಂದಿನ ವಾರ ಇದೇ ಕಪಾಟಲ್ಲಿ ಇನ್ನೊಂದು ಕ್ಯಾಸೆಟ್ಟಿನೊಳಗೆ ಕುಣೀತಿರ್ತಾಳೆ. ಸುಮ್ನೆ ಮಲಗಿದ್ಲು, ಎದ್ದು ಟೀ ಕುಡೀತಾಳೆ ಅಂತ ಮನಸ್ಸಿಗೆ ಗೊತ್ತು. ಈ ಅಜ್ಜಿಗೆ ಬೇರೆ ಸಿನಿಮಾ ಇಲ್ಲ. ಇವಳು ಹೋದ್ಲು ಅಂದ್ರೆ ಹೋದ್ಲು."

ಹೇಳುತ್ತಾ ಹೇಳುತ್ತಾ ಅವರೇ ಶಲ್ಯದಿಂದ ಕಣ್ಣೊರೆಸಿಕೊಂಡರು. ಅಕ್ಕ ಕ್ಯಾಸೆಟ್ ಕಸಿದುಕೊಂಡು ಹೋಗಿ ಜೀಪಿನ ಹಿಂದೆ ಗೊಬ್ಬರದ ಚೀಲದ ಪಕ್ಕ ಕೂತರು. ಯಜಮಾನರು ಅಂದು ಮಧ್ಯಾಹ್ನ ಸೀರೆ ಕೊಳ್ಳಲು ಬಂದ ಮದುವೆ ಪಾರ್ಟಿಗೆ ಬಿಳಿ ಪಂಚೆ ತೋರಿಸಿದರಂತೆ.

ಸುತ್ತಿ ಕೊಡಿ

ಈಗ ನನ್ನ ಅಂಗಡಿಯ ಒಂದು ಕಟ್ಟಳೆ ಹೇಳಬೇಕು. ಗೋಡೆಯ ಮೇಲೆ ದೊಡ್ಡದಾಗಿ ಬರೆಸಿದ್ದೆ: "ನೋಡಿದ ಕ್ಯಾಸೆಟ್ ಮೊದಲಿಗೆ ಸುತ್ತಿ ಕೊಡಿ." ಅಂದರೆ ಟೇಪನ್ನು ಶುರುವಿಗೆ ರಿವೈಂಡ್ ಮಾಡಿ ತನ್ನಿ ಅಂತ. ದೋಣಿ ಅಜ್ಜಿಯ ಕ್ಯಾಸೆಟ್ಟನ್ನು ಮಾತ್ರ ಯಾರೂ ಸುತ್ತಿ ಕೊಟ್ಟವರಲ್ಲ. ಅಜ್ಜ ಒಬ್ಬನೇ ವಾಪಸ್ ಬರುವಲ್ಲಿಗೆ ಟಿವಿ ಆರಿಸಿ ತಂದುಬಿಡುತ್ತಿದ್ದರು. ಟೇಪು ನಿಂತ ಜಾಗ ನೋಡಿಯೇ ಆ ಮನೆಯವರು ಅತ್ತರೋ ಇಲ್ಲವೋ ನಾನು ಹೇಳಬಲ್ಲವನಾಗಿದ್ದೆ.

ಕೊಟ್ಟು ಹತ್ತು ದಿನವಾದರೂ ಅಕ್ಕನ ಸುಳಿವಿಲ್ಲ. ನನಗೆ ಅನ್ನ ಸೇರಲಿಲ್ಲ. ಒಂದು ಬೆಳಿಗ್ಗೆ ಜೀಪು ಬಂತು, ಗೌಡರೇ ಇಳಿದರು. ಹೆಂಡತಿ ಹೋದಮೇಲೆ ಅವರು ಮೆಟ್ಟಿಲು ಹತ್ತಿದ್ದು ಇದೇ ಮೊದಲು. ಬೈಗುಳಕ್ಕೆ ತಯಾರಾಗಿ ಎದ್ದು ನಿಂತೆ. ಕ್ಯಾಸೆಟ್ ಮೇಜಿನ ಮೇಲಿಟ್ಟರು. ಪೂರ್ತಿ ಸುತ್ತಿಯಾಗಿತ್ತು.

"ನಿಮ್ಮ ಬೋರ್ಡು ನೋಡಿದ್ದೆ ಮಾರಾಯ. ಸುತ್ತೋಣ ಅಂತ ಗುಂಡಿ ಒತ್ತಿದೆ."

ಆಗ ನನಗೆ ತಿಳಿಯಿತು. ಮೊದಲು ಚಿತ್ರ ನಿಲ್ಲಿಸಿ ಆಮೇಲೆ ಸುತ್ತಬೇಕು. ಮೆಷಿನ್ ಮುಟ್ಟಿಯೇ ಗೊತ್ತಿಲ್ಲದ ಗೌಡರು ಚಿತ್ರ ಓಡುತ್ತಿರುವಾಗಲೇ ಒತ್ತಿದ್ದರು. ಹಾಗೆ ಒತ್ತಿದರೆ ಕಥೆ ಕಣ್ಣೆದುರಿಗೇ ಹಿಂದಕ್ಕೆ ಓಡುತ್ತದೆ.

"ದೋಣಿ ಹಿಂದ್ಹಿಂದಕ್ಕೆ ಹೋಗಿ ಆಚೆ ದಡ ಮುಟ್ತು. ಆಸ್ಪತ್ರೆಯಿಂದ ಅವಳು ಬಂದ್ಲು," ಅಂದರು ಗೌಡರು. "ದೋಣೀಲಿ ಮಲಗಿದೋಳು ಎದ್ದು ಕೂತ್ಲು. ಮನೆಗೆ ಹೋದ್ಲು. ಆಮೇಲೆ ಆ ಮುದುಕ ಊಟಕ್ಕೆ ಕೂತ ನೋಡು. ಒಂದೊಂದೇ ತುತ್ತು ಬಾಯಿಂದ ತೆಗೆದು ತೆಗೆದು ಡಬ್ಬಿಗೆ ತುಂಬ್ದ! ಪೂರ್ತಿ ತುಂಬಿ ಮುಚ್ಚಳ ಹಾಕಿ ಅವಳ ಕೈಗೆ ವಾಪಸ್ ಕೊಟ್ಟ!"

ಹೇಳುತ್ತಲೇ ಗೌಡರಿಗೆ ನಗು ಉಕ್ಕಿತು, ನನಗೂ ತಡೆಯಲಾಗಲಿಲ್ಲ. ನಾವಿಬ್ಬರೂ ಮೇಜು ಹಿಡಿದುಕೊಂಡು ನಕ್ಕೆವು.

"ನಮ್ಮೋಳೂ ಅದನ್ನೇ ಬೈತಿದ್ಲು. ತೋಟಕ್ಕೆ ಕಡುಬು ಕಟ್ಟಿ ಕಳ್ಸಿದ್ರೆ ಹಾಗೇ ವಾಪಸ್ ತರ್ತೀರಲ್ಲ, ತಿಂತೀರೋ ಇಲ್ಲಾ ತಿಂದು ತುಂಬಿಸ್ತೀರೋ ಅಂತ."

ನಗುತ್ತಿದ್ದ ಮುಖ ಹಾಗೇ ಮುರಿಯಿತು. ಅವರು ಕುರ್ಚಿಯ ಮೇಲೆ ಕುಸಿದು ದೊಡ್ಡದಾಗಿ ಅತ್ತರು. ಬಟ್ಟೆ ಅಂಗಡಿ ಯಜಮಾನರು ಓಡಿಬಂದು ಕೈಗೆ ಸಿಕ್ಕ ಹೊಸ ಟವೆಲ್ ಕೊಟ್ಟರು.

"ದಿನಾ ರಾತ್ರಿ ಹಿಂದಕ್ಕೇ ಓಡಿಸಿ ನೋಡ್ತೀನಿ," ಅಂದರು ಗೌಡರು ಸಾವರಿಸಿಕೊಂಡು. "ಮುಂದಕ್ಕೆ ಒಂದೇ ಸಲ ನೋಡಿದ್ದು. ಇನ್ನೂ ಸ್ವಲ್ಪ ದಿನ ಇಟ್ಕೊಳ್ಲಾ?"

"ನಿಮ್ಮ ಹತ್ರಾನೇ ಇರ್ಲಿ ಗೌಡ್ರೇ," ಅಂದೆ.

ಅವರನ್ನು ಕೈ ಹಿಡಿದು ಜೀಪಿನವರೆಗೆ ಬಿಟ್ಟೆ. ನೋಡಿದರೆ ಮುಂದಿನ ಸೀಟಿನಲ್ಲಿ ಮಹಾರಾಣಿಯಂತೆ ಅಕ್ಕ ಕೂತಿದ್ದಾರೆ! ಸಂತೋಷಕ್ಕೆ ಕೇಳಿಯೇಬಿಟ್ಟೆ, "ಓ, ಅಂತೂ ಚಿಲಕ ರಿಪೇರಿ ಆಯ್ತಾ ಗೌಡ್ರೇ?"

ಗೌಡರು ಟವೆಲಿನಿಂದ ಮುಖ ಒರೆಸಿಕೊಂಡು ಸ್ಟಾರ್ಟ್ ಮಾಡಿದರು.

"ಚಿಲಕಕ್ಕೆ ಏನಾಗಿತ್ತು ಮಾರಾಯ, ಅದು ಸರಿಯಾಗೇ ಇತ್ತಲ್ಲ!"