ಚಾವಣಿಯ ಹೀಟರಿಗೆ ಜಾಗ ಹುಡುಕಿದ್ದು

ಈ ಚಳಿಗಾಲದಲ್ಲಿ ಹೆಂಡತಿಯ ಮಂಡಿನೋವಿಗೆ ಒಂದು ಗತಿ ಕಾಣಿಸಿಯೇ ತೀರುತ್ತೇನೆಂದು ಟೇಪು ಸಾಹೇಬರು ಶಪಥ ಮಾಡಿದರು. ಜಮೀನು ಅಳೆಯುವ ಕೆಲಸದಲ್ಲಿ ಜೀವ ಸವೆಸಿದ ಅವರ ಜೇಬಿನಲ್ಲಿ ಟೇಪು ಎಂದೂ ತಪ್ಪದು. ಹೆಸರು ಬಂದದ್ದೂ ಹಾಗೆ. ಅಣ್ಣತಮ್ಮಂದಿರ ಬೇಲಿ ಜಗಳಗಳನ್ನೇ ಅಳೆದು ಬಗೆಹರಿಸಿದವರಿಗೆ ಚಾವಣಿಗೊಂದು ಹೀಟರ್ ಹಾಕಿಸುವುದು ಯಾವ ಮಹಾ?

ಹೀಟರೆಂದರೆ ಚಾವಣಿಗೆ ಬಿಗಿಯುವ ಚಪ್ಪಟೆ ಹಲಗೆ. "ಇದು ಬಿಸಿಲಿದ್ದ ಹಾಗೆ ಸಾರ್," ಎಂದ ಎಲೆಕ್ಟ್ರಿಷಿಯನ್. "ಕೆಳಗೆ ಕೂತೋರಿಗೆ ಬೆಚ್ಚಗೆ, ದೂರ ಇದ್ದೋರಿಗೆ ಇಲ್ಲ. ಅಮ್ಮಾವ್ರು ಕೂತ್ಕೊಳ್ಳೋದೆಲ್ಲಿ?"

"ಕಿಟಕಿ ಪಕ್ಕದ ಕುರ್ಚಿ. ಮದುವೆ ಆದಾಗಿಂದ ಅದೇ ಜಾಗ."

"ಯಾವುದಕ್ಕೂ ಅವರನ್ನ ಒಂದ್ಮಾತು..."

"ಕೆರೆ ಅಳೆಯೋಕೆ ಹೋದವನು ಕೆರೆನ ಕೇಳ್ತಾನೇನಯ್ಯಾ?"

ಕುರ್ಚಿಯ ಕಾಲುಗಳಿಗೆ ಸೀಮೆಸುಣ್ಣದ ಗುರುತು ಹಾಕಿ, ಗುಂಡು ಕಟ್ಟಿದ ದಾರ ಇಳಿಬಿಟ್ಟು, ಕೂದಲೆಳೆಯಷ್ಟೂ ಆಚೀಚೆ ಆಗದಂತೆ ಹಲಗೆ ಏರಿಸಿದರು.

ವಾರ ಕಳೆದರೂ ಮಂಡಿನೋವು ಜಪ್ಪಯ್ಯ ಅನ್ನಲಿಲ್ಲ. ಹೆಂಡತಿ ಕುಂಟುತ್ತಲೇ ಇದ್ದರು. ಸಾಹೇಬರು ಹಲಗೆಯನ್ನು ಬೈದರು, ಮಾಡಿದವರನ್ನು ಬೈದರು, ಕೊನೆಗೆ ಎಲೆಕ್ಟ್ರಿಷಿಯನ್ನನ್ನು ಕರೆಸಿ ಬೈದರು. ಅವನು ಏಣಿ ಹತ್ತಿ ಇಳಿದು, ಕುರ್ಚಿಯ ಮೇಲಿದ್ದ ಶಾಲು ಮುಟ್ಟಿ ನೋಡಿದ.

"ಎಲ್ಲ ಸರಿ ಇದೆ ಸಾರ್. ಶಾಲು ಎಷ್ಟು ಬೆಚ್ಚಗಿದೆ ನೋಡಿ."

"ಲೇ, ಶಾಲಿಗೆ ಹತ್ತಿದ ಬಿಸಿ ನಿನಗ್ಯಾಕೆ ಹತ್ತಲ್ಲ?" ಎಂದು ಸಾಹೇಬರು ಅಡುಗೆಮನೆಯಲ್ಲಿದ್ದ ಹೆಂಡತಿಗೆ ಕೂಗಿದರು.

ಹೆಂಡತಿ ಕೈ ಒರೆಸಿಕೊಳ್ಳುತ್ತ ಅಡುಗೆಮನೆಯಿಂದ ಬಂದರು. "ನಾನ್ಯಾವತ್ತು ಅಲ್ಲಿ ಕೂತಿದ್ದೆ?"

"ದಿನಾ ಸಂಜೆ. ಕಣ್ಣಾರೆ ನೋಡಿದೀನಿ."

"ನೀವು ನೋಡಿದ್ದು ಶಾಲನ್ನ. ಕೆಲಸಕ್ಕೆ ಅಡ್ಡ ಬರುತ್ತೆ ಅಂತ ಬಿಚ್ಚಿ ಅಲ್ಲಿ ಹಾಕ್ತೀನಿ. ಸಂಜೆಯೆಲ್ಲ ಅಡುಗೆಮನೆಯ ತಣ್ಣನೆ ನೆಲದ ಮೇಲೆ ಪಾತ್ರೆ ತೊಳೀತಾ ನಿಂತಿರ್ತೀನಿ. ಶಾಲಿಗೆ ಮಂಡಿನೋವಿದ್ದಿದ್ರೆ ಇಷ್ಟೊತ್ತಿಗೆ ವಾಸಿ ಆಗಿರೋದು."

ಎಲೆಕ್ಟ್ರಿಷಿಯನ್ ಗೋಡೆ ಕಡೆ ತಿರುಗಿ ಬಹಳ ಶ್ರದ್ಧೆಯಿಂದ ಏಣಿ ಮಡಚತೊಡಗಿದ.

ಸಾಹೇಬರು ಕುರ್ಚಿಯ ಕಡೆ ನೋಡಿದರು. ಕಂಡವರ ಜಮೀನೆಲ್ಲ ಅಳೆದಿದ್ದರು. ತಮ್ಮ ಮನೆಯ ಕುರ್ಚಿಯಲ್ಲಿರುವುದು ಹೆಂಡತಿಯೋ ಆಕೆಯ ಶಾಲೋ ಎಂದು ಪೇಪರಿನಿಂದ ತಲೆ ಎತ್ತಿ ನೋಡಿರಲಿಲ್ಲ. ಕರೆದರೆ ಉತ್ತರ ಬರುತ್ತಿತ್ತು, ಅವರಿಗೆ ಅಷ್ಟೇ ಸಾಕಾಗಿತ್ತು. ನಾಚಿಕೆಗಿಂತ ಹೆಚ್ಚಾಗಿ ಸಂಕಟವಾಯಿತು.

"ಕಿತ್ತು ಅಡುಗೆಮನೆಗೆ ಹಾಕಪ್ಪ," ಎಂದರು ಮೆಲ್ಲಗೆ.

"ಬೇಡ. ಅಷ್ಟು ಅಳೆದೂ ಸುರಿದೂ ಹಾಕಿಸಿದೀರಿ, ಅಲ್ಲೇ ಇರಲಿ." ಹೆಂಡತಿ ಶಾಲು ಹೊದ್ದು ಕುರ್ಚಿಯಲ್ಲಿ ಕೂತರು, ಕಾಲು ಚಾಚಿದರು, ಕಣ್ಣು ಮುಚ್ಚಿದರು. "ಪಾತ್ರೆ ಅರ್ಧ ಆಗಿದೆ. ಮಿಕ್ಕಿದ್ದು ನೀವು ನೋಡ್ಕೊಳ್ಳಿ."

ಸಾಹೇಬರು ಅಂಗಿಯ ತೋಳು ಮಡಚಿಕೊಂಡು ಅಡುಗೆಮನೆಗೆ ಹೋದರು. ನೆಲದ ಥಂಡಿ ಅಂಗಾಲಿನಿಂದ ಮಂಡಿಗೇರಿತು. ನೀರಿಗೆ ಕೈಯಿಟ್ಟರೆ ಹಲ್ಲು ಕಟಕಟ ಎಂದವು. ಮೇಲೆ ಚಾವಣಿ ನೋಡಿದರು. ಒದ್ದೆ ಕೈ ತಾನಾಗಿ ಟೇಪಿಗೆ ಹೋಯಿತು.

"ಕೇಳಿಸ್ತೇನೇ? ಇಲ್ಲಿಗೂ ಒಂದು ಹೀಟರ್ ಬೇಕೇ ಬೇಕು. ಮನುಷ್ಯರು ನಿಲ್ಲೋ ಜಾಗ ಅಲ್ಲ ಇದು."

"ಹೌದಾ?" ಕುರ್ಚಿಯಿಂದ ಜೊಂಪಿನ ದನಿ ಬಂತು. "ಇವತ್ತೇ ಗೊತ್ತಾಯ್ತಾ?"