ಆಡಿಸ್ ಅಬಾಬಾ ಮತ್ತು ನಮ್ಮ ಶೀಟಿನ ರೂಮು

ನನಗೆ ಸಿಟ್ಟು ಬರಲು ದೊಡ್ಡ ಕಾರಣವೇನೂ ಬೇಕಿಲ್ಲ. ಕೈ ತೋರಿಸಿದರೂ ಗುಬ್ಬಿ ಬಸ್ಸು ನಿಲ್ಲದಿದ್ದರೆ ಸಾಕು, ಸಂಜೆಯವರೆಗೂ ಉರಿಯುತ್ತಿರುತ್ತೇನೆ. ಆದರೆ ಆಫ್ರಿಕಾ ಎಂದರೆ ಬರೀ ಬಿಸಿಲು, ಕಾಡು, ಸಿಂಹ ಎನ್ನುವವರನ್ನು ಕಂಡರೆ ಬರುವ ಸಿಟ್ಟೇ ಬೇರೆ. ತುಮಕೂರಿನಲ್ಲಿ ಮೂವತ್ತು ವರ್ಷ ಭೂಗೋಳ ಪಾಠ ಮಾಡಿ ನಿವೃತ್ತನಾದವನು ನಾನು. ಸುಮ್ಮನಿರಲು ಹೇಗಾದೀತು?

ನಮ್ಮ ಮಹಡಿಯ ಶೀಟಿನ ರೂಮಿನಲ್ಲಿ ದಾವಿತ್ ಬಾಡಿಗೆಗಿದ್ದಾನೆ. ಆಡಿಸ್ ಅಬಾಬಾದವನು, ಇಲ್ಲಿ ಎಂ.ಟೆಕ್ ಓದುತ್ತಿದ್ದಾನೆ. ಭಾನುವಾರ ಕಾಫಿ ಬೀಜ ಹುರಿದು, ಅವರೂರಿನ ಪದ್ಧತಿಯಂತೆ ಒಬ್ಬೊಬ್ಬರಿಗೆ ಮೂರು ಸುತ್ತು ಕಾಫಿ ಕೊಡುತ್ತಾನೆ. ಆ ಮೂರು ಸುತ್ತು ಮುಗಿಯುವವರೆಗೂ ನನ್ನ ಭೂಗೋಳವನ್ನು ಕೇಳುವ ಭೂಮಿ ಮೇಲಿನ ಒಬ್ಬನೇ ಮನುಷ್ಯ ಅವನು.

ಮೊನ್ನೆ ಮಧ್ಯಾಹ್ನ ಗುಬ್ಬಿಯಿಂದ ಹೆಂಡತಿಯ ತಮ್ಮ ರುದ್ರೇಶ ಊಟಕ್ಕೆ ಬಂದಿದ್ದ. ದಾವಿತ್ ತಲೆಗೆ ಒದ್ದೆ ಟವೆಲ್ ಸುತ್ತಿಕೊಂಡು ನೀರಿಗೆಂದು ಕೆಳಗಿಳಿದು ಬಂದ.

"ಇದೇನ್ ಭಾವ, ಆಫ್ರಿಕಾದೋನೇ ನಮ್ ಬಿಸ್ಲಿಗೆ ಹೆದರ್ಕೊಂಡವ್ನೆ" ಎಂದು ರುದ್ರೇಶ ನಕ್ಕ.

ನನ್ನ ಪಿತ್ತ ನೆತ್ತಿಗೇರಿತು. ಅವನಿಗೆ ಮುದ್ದೆ ನುಂಗಲೂ ಬಿಡದೆ ಶುರುಮಾಡಿದೆ. ಆಡಿಸ್ ಅಬಾಬಾ ಊಟಿಗಿಂತ ಎತ್ತರದಲ್ಲಿದೆ. ಹೆಸರಿನ ಅರ್ಥ ಹೊಸ ಹೂವು. ಬೆಟ್ಟದ ಮೇಲಿದ್ದ ರಾಣಿ ಕೆಳಗಿನ ಬಿಸಿನೀರಿನ ಬುಗ್ಗೆಗೆ ಮನಸೋತು, ಅಲ್ಲೇ ಮನೆ ಕಟ್ಟಿಸಿದಳು, ಅದೇ ರಾಜಧಾನಿಯಾಯಿತು. ಸೌದೆ ಸಾಲದೆ ಊರೇ ಗುಳೆ ಏಳುವಂತಾದಾಗ ನೀಲಗಿರಿ ಮರ ತರಿಸಿ ನೆಟ್ಟು ಊರು ಉಳಿಸಿಕೊಂಡರು.

"ನಿಮ್ ಚೇಳೂರು ಕಡೆ ತೋಪಲ್ಲಿರೋ ಮರಾನೇ ಕಣೋ. ಅಲ್ಲಿ ಜನ ಸ್ವೆಟರ್ ಹಾಕ್ಕೊಂಡು ಓಡಾಡ್ತಾರೆ, ಗೊತ್ತೇನ್ಲಾ ನಿಂಗೆ?"

ರುದ್ರೇಶ ಮತ್ತೆ ಮುದ್ದೆಗೆ ಕೈ ಹಾಕಿದ. ದಾವಿತ್ ಬಕೆಟ್ ಕೆಳಗಿಟ್ಟು, ಕಲಿತಷ್ಟು ಕನ್ನಡದಲ್ಲಿ ಹೇಳಿದ: "ಸರ್ ಹೇಳಿದ್ದು ಕರೆಕ್ಟ್. ನಮ್ಮೂರು ತಂಪು. ಅದಕ್ಕೆ ತಿಂಗಳ ಕೊನೆಗೆ ರೂಮ್ ಬಿಡ್ತೀನಿ ಸರ್. ಶೀಟ್ ತುಂಬಾ ಬಿಸಿ. ಓದೋಕೆ ಆಗಲ್ಲ, ಪರೀಕ್ಷೆ ಇದೆ."

ನನ್ನ ಭೂಗೋಳ ಕೇಳುವ ಒಬ್ಬನೇ ಮನುಷ್ಯನೂ ಹೊರಟ! "ಇವನಿಗೆ ಆ ಕಾವಲಿ ಮೇಲೆ ರೂಮು ಕೊಟ್ಟ ಮುಠ್ಠಾಳ ಯಾವನು?" ಎಂದು ಕೂಗಿದೆ.

ಹೆಂಡತಿ ನಿಧಾನವಾಗಿ ಸಾರು ಬಡಿಸಿದಳು. "ನೀವೇ ಕಣ್ರೀ. ಕೆಳಗಿನ ರೂಮು ಕೊಡೋಣ ಅಂದೆ. ಅದು ನಂಗೆ ಓದೋಕೆ ಬೇಕು, ಆಫ್ರಿಕಾದೋರಿಗೆ ಬಿಸ್ಲು ಅಭ್ಯಾಸ ಇರುತ್ತೆ ಅಂದ್ರಿ. ಪುರಾಣ ಹೇಳೋಕೆ, ಬದನೆಕಾಯಿ ತಿನ್ನೋಕೆ."

ಅಂದೇ ಸಂಜೆ ದಾವಿತ್‌ನ ಪುಸ್ತಕಗಳು ಕೆಳಗಿಳಿದವು, ನನ್ನ ಗ್ಲೋಬು ಮೇಲೆ ಹತ್ತಿತು. ಇದನ್ನು ಶೀಟಿನ ಕೆಳಗೆ, ತಲೆಗೆ ಒದ್ದೆ ಟವೆಲ್ ಸುತ್ತಿಕೊಂಡು ಬರೆಯುತ್ತಿದ್ದೇನೆ. ಈಗಷ್ಟೇ ರುದ್ರೇಶ ಬಂದು ಬಾಗಿಲಲ್ಲೇ ನಿಂತು ನೋಡಿ, ಅಕ್ಕನಿಗೆ ಕೇಳುವಂತೆ ಹೇಳಿ ಹೋದ:

"ಮೇಷ್ಟ್ರಿಗೆ ಅಭ್ಯಾಸ ಆಯ್ತದೆ ಬುಡಕ್ಕ."